ಮುಚ್ಚಿದ ಗೇಟು

"ತೆಗೆದಿಟ್ಟಿದ್ದ ಗೇಟನ್ನ ಯಾವನೋ ಮುಚ್ಚಿ ಹೋಗಿದಾನೆ ಕಣೇ ವಾನೆಟ್ಟಾ! ನೀರಿನ ತೊಟ್ಟಿ ಈ ಕಡೆ, ನನ್ನ ದನ ಎಲ್ಲಾ ಆ ಕಡೆ. ಈ ಸುಡೋ ಬಿಸಿಲಲ್ಲಿ ಎರಡು ದಿನ!" ಎನ್ನುತ್ತಾ ದನದ ಒಡೆಯ ಡೆಲ್ಬರ್ಟ್ ಬಂದು ಕೂತ.

"ಹೊರಗಿನವನೇ ಬಿಡು," ಹೋಟೆಲಿನ ವಾನೆಟ್ಟಾ ಅವನ ಮುಂದೆ ತಟ್ಟೆ ಇಟ್ಟಳು. "ಗೇಟು ಹೇಗಿತ್ತೋ ಹಾಗೇ ಬಿಡ್ಬೇಕು ಅಂತ ನಮ್ಮೂರಲ್ಲಿ ಹಾಲು ಕುಡಿಯೋ ಮಗುಗೂ ಗೊತ್ತು. ದೊಡ್ಡ ಉಪಕಾರ ಮಾಡ್ದೆ ಅಂತ ಬೀಗ್ತಿರ್ತಾನೆ, ಪುಣ್ಯಾತ್ಮ!"

ಪಕ್ಕದ ಮೇಜಿನಲ್ಲಿ ಮೊಟ್ಟೆ ತಿನ್ನುತ್ತಿದ್ದ ಕೋರಾ ಚಮಚ ಕೆಳಗಿಟ್ಟಳು. ಅಮೆರಿಕದ ವಯೋಮಿಂಗಿನ ಬೆಟ್ಟಸೀಮೆಯಲ್ಲಿ ಒಬ್ಬಳೇ ಕಾರು ಓಡಿಸುತ್ತಾ ಅವಳಿಗೆ ಇದು ಒಂಬತ್ತನೇ ದಿನ. ಮೊನ್ನೆ ಒಂದು ಮಣ್ಣುದಾರಿಯಲ್ಲಿ ಕಾರಿನಿಂದ ಇಳಿದು, ಯಾರೋ ಮರೆತಿರಬೇಕೆಂದು ಗೇಟು ಎಳೆದು ಸರಪಳಿ ಸಿಕ್ಕಿಸಿದವಳು ಅವಳೇ. ಅದರ ಫೋಟೋ ತೆಗೆದು, 'ನಿಮ್ಮಮ್ಮ ಈ ಕಡೆಯವಳೇ ಆಗಿಬಿಟ್ಟಳು' ಎಂದು ಮಗಳಿಗೂ ಕಳಿಸಿದ್ದಳು. ಈಗ ಸುಮ್ಮನೆ ಎದ್ದು ಹೊರಟರೆ ಯಾರಿಗೂ ತಿಳಿಯುವುದಿಲ್ಲ.

"ದನ... ಉಳಿದ್ವಾ?" ಎಂದು ಕೇಳಿದಳು.

"ದೊಡ್ಡವು ಉಳಿದ್ವು ಅಮ್ಮಾ. ಒಂದು ಕರು ಹೋಯ್ತು. ಅದರ ತಾಯಿ ಇನ್ನೂ ಅಲ್ಲೇ ನಿಂತು ಕೂಗ್ತಿದೆ. ನಿಮ್ಮ ಮನೇಲೂ ದನ ಇದಾವಾ?"

"ಇಲ್ಲ. ಗೇಟು ಮುಚ್ಚಿದ್ದು ನಾನು. ತಪ್ಪಾಯ್ತು."

ವಾನೆಟ್ಟಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಡೆಲ್ಬರ್ಟ್ ಕೋರಾಳನ್ನು ಒಂದು ಗಳಿಗೆ ನೋಡಿದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ತಿನ್ನಿ ಅಮ್ಮಾ, ತಣ್ಣಗಾಗುತ್ತೆ," ಎಂದನಷ್ಟೆ.

ಆಮೇಲೆ ತನ್ನ ತಟ್ಟೆ ಎತ್ತಿಕೊಂಡು, ದೂರದ ಮೂಲೆಯ ಮೇಜಿಗೆ ಹೋಗಿ, ಅವಳಿಗೆ ಬೆನ್ನು ಮಾಡಿ ಕೂತ.