ತಮ್ಮನಿಗೆ ಹೋದ ನಗು

ಆ ನಗುವ ಮುಖ ಏನು ಮಾಡಿದರೂ ಅಳಿಸಿಹೋಗಲಿಲ್ಲ.

ಓರಾಜ್‌ಬೆಕ್ ಬೆರಳಿನಿಂದ ಒತ್ತಿದ, ತೀಡಿದ, ಉಗುರಿನಿಂದ ಕೆರೆದೂ ನೋಡಿದ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ ಆ ಹಳದಿ ಮುಖ ತಮ್ಮನ ಸಂದೇಶದ ಕೆಳಗೆ ಕಚ್ಚಿಕೊಂಡು ಕೂತಿತ್ತು. ಅದೂ ಮನೆತನದ ಗುಂಪಿನಲ್ಲಿ, ನಲವತ್ತು ಜನರ ಎದುರು. "ಅಣ್ಣ, ನಾಳೆ ಹನ್ನೊಂದಕ್ಕೆ ನನ್ನ ಎದೆ ಕುಯ್ತಾರಂತೆ. ನೀನೊಂದ್ಸಲ ಬಾಯ್ತುಂಬ ಹರಸು, ಸಾಕು" ಎಂದು ಶಿಮ್ಕೆಂತ್‌ನ ಆಸ್ಪತ್ರೆಯಿಂದ ಸಾಪರ್‌ಗಲಿ ನಿನ್ನೆ ಸಂಜೆ ಬರೆದಿದ್ದ. ಅದಕ್ಕೆ ಒಡಹುಟ್ಟಿದ ಅಣ್ಣ ಕೊಟ್ಟ ಉತ್ತರ, ಬಿದ್ದು ಬಿದ್ದು ನಗುವ ಈ ಮುಖ!

ನಾಚಿಕೆಯಿಂದ ಓರಾಜ್‌ಬೆಕ್‌ನ ಕಿವಿಗಳು ಬಿಸಿಯಾದವು. ಮೆರ್ಕೆಯ ಸುತ್ತಲಿನ ಊರುಗಳಿಗೆಲ್ಲ ಟೆಲಿಫೋನ್ ತಂತಿ ಎಳೆದವನು ಅವನು. ಮೂವತ್ತೆರಡು ವರ್ಷ ಕಂಬ ಹತ್ತಿದ್ದಾನೆ. ಹಳೆಯ ಫೋನು ಹಾಲಿನ ಬಕೆಟ್ಟಿಗೆ ಬಿದ್ದು ಸತ್ತ ಮೇಲೆ ಮಗ ಬೇರೆ ಜಾತಿಯ ಫೋನು ತಂದುಕೊಟ್ಟು ನಾಲ್ಕು ದಿನವಾಗಿತ್ತು. ಹಳೆಯದರಲ್ಲಿ ಕೆಳಗೆ ಮೂರು ಗುರುತುಗಳಿದ್ದವು. ಎಲ್ಲಿ ದಾರಿ ತಪ್ಪಿದರೂ ಹಿಂದಕ್ಕೆ ಬರಬಹುದಿತ್ತು. ಇದು ಬರೀ ಬೋಳು ಗಾಜು. ಕೆಳಗಿನಿಂದ ಸವರಿದರೆ ಒಂದಾಗುತ್ತದೆ, ಪಕ್ಕದಿಂದ ಸವರಿದರೆ ಇನ್ನೊಂದಾಗುತ್ತದೆ, ಮೇಲಿನಿಂದ ಸವರಿದರೆ ದೇವರೇ ಗತಿ.

ತಮ್ಮನನ್ನು ಅವನು ಹರಸದೆ ಇರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ಮೈಕಿನ ಚಿತ್ರ ಒತ್ತಿ, ಹಿರಿಯರು ಹರಸಬೇಕಾದ ಕ್ರಮದಲ್ಲೇ ಎರಡೂ ಕೈಯೆತ್ತಿ, ಅಂಗೈ ಬಿಡಿಸಿ, ನಾಲ್ಕು ನಿಮಿಷ ಮನಸಾರೆ ಹರಸಿದ್ದ. ಕೊನೆಗೆ ಅಂಗೈಯಿಂದ ಮುಖ ಸವರಿಕೊಂಡು ಆಮೀನ್ ಎಂದಿದ್ದ. ಬೆರಳೆತ್ತಿದ ಕೂಡಲೇ ಈ ಫೋನು ಕೇಳಿಸಿಕೊಳ್ಳುವುದನ್ನು ನಿಲ್ಲಿಸುತ್ತದೆಂದು ಅವನಿಗೇನು ಗೊತ್ತು? ಹೋಯಿತೋ ಇಲ್ಲವೋ ನೋಡೋಣವೆಂದು ತಮ್ಮನ ಸಂದೇಶದ ಮೇಲೆ ಬೆರಳಿಟ್ಟಾಗ ಏನೇನೋ ಸಾಲಾಗಿ ಎದ್ದು ಬಂತು. ಕನ್ನಡಕ ಹತ್ತಿರವಿರಲಿಲ್ಲ. ಗಾಬರಿಯಲ್ಲಿ ಆ ಸಾಲನ್ನು ಬೆರಳಿನಿಂದ ಒರೆಸಿಬಿಟ್ಟ.

ಬೆಳಿಗ್ಗೆ ಸೊಸೆ ಝಾದಿರಾ ಚಹಾದ ಜೊತೆ ಫೋನನ್ನೂ ತಂದಿಟ್ಟು ಹೋದ ಮೇಲೆಯೇ, ಅವನು ಕನ್ನಡಕ ಹಾಕಿಕೊಂಡು, ತಾನು ಏನು ಒರೆಸಿದೆನೆಂದು ನೋಡಿದ್ದು.

ಹನ್ನೊಂದರೊಳಗೆ ತಮ್ಮನ ಜೊತೆ ಮಾತಾಡಬೇಕು. ಮಾತಾಡದೆ ಅವನನ್ನು ಒಳಗೆ ಕಳಿಸಬಾರದು. ಎಂಟಕ್ಕೆ ಕರೆ ಮಾಡಿದ, ಹೋಗಲಿಲ್ಲ. ಎಂಟೂವರೆಗೆ ಮಾಡಿದ, ಹೋಗಲಿಲ್ಲ. ಗಾಜಿನ ಮೇಲ್ತುದಿಯಲ್ಲಿ ಪುಟ್ಟ ವಿಮಾನವೊಂದು ಕೂತಿತ್ತು. ಈ ಫೋನಿನಲ್ಲಿ ಬೇಡದ ಚಿತ್ರಗಳಿಗೇನು ಬರವೇ ಎಂದುಕೊಂಡು ಮತ್ತೆ ಒತ್ತಿದ.

ಅಡುಗೆಮನೆಯಲ್ಲಿ ಝಾದಿರಾ ಹಿಟ್ಟು ನಾದುತ್ತಿದ್ದಳು. ಮದುವೆಮನೆಗೆ ಆಗುವಷ್ಟು ಹಿಟ್ಟು.

"ಇದು ಯಾಕಮ್ಮ ಯಾರಿಗೂ ಹೋಗ್ತಿಲ್ಲ?"

"ಹೊಸದಲ್ವಾ ಮಾವ, ಒಂದೊಂದ್ಸಲ ಹಾಗೇ ಮಾಡುತ್ತೆ." ಅವಳು ತಲೆ ಎತ್ತಲಿಲ್ಲ.

"ನಿಂದು ಕೊಡು ಮತ್ತೆ."

"ಚಾರ್ಜಿಲ್ಲ ಮಾವ."

ಅವಳೂ ಆ ಗುಂಪಿನಲ್ಲಿದ್ದಾಳೆ. ನೋಡಿರುತ್ತಾಳೆ. ನೋಡಿಯೂ ನೋಡದವಳಂತೆ ಇರುವುದು ಅವನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಮಗನನ್ನು ಕೇಳೋಣವೆಂದರೆ ಅವನು ಬೆಳಿಗ್ಗೆಯೇ ಕಾರು ತೆಗೆದುಕೊಂಡು ಎಲ್ಲೋ ಹೋಗಿದ್ದ.

ಪಕ್ಕದ ಮನೆಯ ಝುಮಾಶ್ ಕೊಟ್ಟಿಗೆಯ ಬಾಗಿಲಲ್ಲಿದ್ದ. ನಾಲ್ಕು ದಿನದಿಂದ ಅವನದು ಒಂದೇ ತಮಾಷೆ: "ಕಂಬ ಹತ್ತಿದೋನಿಗೆ ಅಂಗೈಯಗಲದ ಗಾಜು ಹತ್ತೋಕಾಗ್ಲಿಲ್ವಾ?" ಇವತ್ತು ಓರಾಜ್‌ಬೆಕ್‌ನನ್ನು ಕಂಡವನೇ ಕಣ್ಣು ತಗ್ಗಿಸಿದ.

"ಝುಮಾಶ್, ನಿನ್ನ ಫೋನು ಒಂದ್ನಿಮಿಷ ಕೊಡಯ್ಯ."

"ಹೆಂಡ್ತಿ ತಗೊಂಡೋಗಿದ್ದಾಳೆ." ಅಂಗಿಯ ಜೇಬಿನಲ್ಲಿ ಫೋನು ಎದ್ದು ಕಾಣುತ್ತಿತ್ತು. "ಒಳಗೆ ಹೋಗಿ ಕೂತ್ಕೋ, ಬಿಸಿಲು."

ತಮಾಷೆ ಮಾಡುವುದನ್ನೂ ಬಿಟ್ಟಿದ್ದಾನೆ. ಅಂದರೆ ಊರಿಗೆಲ್ಲ ಗೊತ್ತಾಗಿದೆ. ಸಾವಿನೊಡನೆ ಹೋರಾಡಲು ಹೊರಟ ತಮ್ಮನನ್ನು ನೋಡಿ ಹಲ್ಲು ಕಿರಿದ ಅಣ್ಣ! ಇಂಥವನಿಗೆ ಯಾರು ತಾನೇ ಫೋನು ಕೊಡುತ್ತಾರೆ? ತಲೆ ತಗ್ಗಿಸಿಕೊಂಡು ಮನೆಗೆ ಬಂದು, ಹನ್ನೊಂದು ಹೊಡೆಯುವುದನ್ನು ನೋಡುತ್ತ ಕೂತ.

ಹನ್ನೊಂದೂವರೆಗೆ ಗೇಟಿನ ಸದ್ದಾಯಿತು. ಊರಿನ ಹಿರಿಯ ಮೊಲ್ದಾಬೆಕ್, ಅವನ ಹಿಂದೆ ಮೂವರು ಮುದುಕರು, ಕೊನೆಯಲ್ಲಿ ಮಗ. ಕಾರು ತೆಗೆದುಕೊಂಡು ಹೋಗಿ ಮಗನೇ ಪಂಚಾಯಿತಿಯನ್ನು ಕರೆತಂದಿದ್ದಾನೆ! ಓರಾಜ್‌ಬೆಕ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವರು ಅವನನ್ನು ನಡುವೆ ಕೂರಿಸಿಕೊಂಡರು. ಚಹಾ ಬಂತು. ಯಾರೂ ಬಟ್ಟಲು ಮುಟ್ಟಲಿಲ್ಲ.

ಓರಾಜ್‌ಬೆಕ್ ತಡೆಯಲಾರದೆ ತಾನೇ ಬಾಯಿಬಿಟ್ಟ. "ಯಾಕೆ ಬಂದಿದ್ದೀರಂತ ಗೊತ್ತು. ತಪ್ಪು ನಂದೇ. ಆದ್ರೆ ನಾನು ನಗಲಿಲ್ಲ ಮೊಲ್ದಾಬೆಕ್ ಅಣ್ಣ, ಈ ಹಾಳು ಗಾಜು ನಕ್ಕಿದ್ದು. ನಾನು ಹರಸಿದ್ದೆ, ಕೈಯೆತ್ತಿ ಹರಸಿದ್ದೆ. ಅವನು ಆಪರೇಷನ್ ಮುಗಿಸಿ ಕಣ್ಣು ಬಿಡ್ಲಿ, ನಾನೇ ಹೋಗಿ ಕಾಲು ಹಿಡೀತೀನಿ. ಚಿಕ್ಕವನು ಅಂತ ನೋಡಲ್ಲ."

ಯಾರೂ ಬೈಯಲಿಲ್ಲ. ಮೊಲ್ದಾಬೆಕ್ ಅವನ ಮೊಣಕಾಲಿನ ಮೇಲೆ ಕೈಯಿಟ್ಟ.

"ಒಂದು ಕಾಲುವೆ ದಂಡೇಲಿ ಎರಡು ಮರ ಇದ್ವಂತೆ, ಓರಾಜ್. ಒಂದೇ ನೀರು ಕುಡಿದು, ಒಟ್ಟಿಗೇ ಬೆಳೆದ್ವಂತೆ..."

ಆ ಎರಡು ಮರಗಳ ಮಾತು ಓರಾಜ್‌ಬೆಕ್‌ಗೂ ಬಾಯಿಪಾಠ. ಇದೇ ಮುದುಕರ ಜೊತೆ ಎಷ್ಟೋ ಮನೆಗಳಿಗೆ ಹೋಗಿ ಅವನೂ ಅದನ್ನು ಹೇಳಿದ್ದ. ಮಾತು ಮುಗಿಯುವ ಮೊದಲೇ ಆ ಮನೆಗಳ ಹೆಂಗಸರು ಗೊಳೋ ಎನ್ನುತ್ತಿದ್ದರು. ಅವನು ಫೋನನ್ನು ಎತ್ತಿಕೊಂಡು ತಮ್ಮನ ಹೆಸರನ್ನು ಒತ್ತಿದ, ಮತ್ತೆ ಒತ್ತಿದ.

"ಹೋಗ್ತಿಲ್ಲ. ಝಾದಿರಾ, ಇದು ಕೆಟ್ಟಿದೆ, ನೋಡಮ್ಮ."

"ಕೆಟ್ಟಿಲ್ಲ ಮಾವ," ಬಾಗಿಲಲ್ಲಿ ನಿಂತಿದ್ದ ಸೊಸೆ ಅಳುತ್ತ ಹೇಳಿದಳು, "ಬೆಳಗಿನ ಜಾವ ಚಿಕ್ಕಮಾವ ಹೋದ್ರು ಅಂತ ಸುದ್ದಿ ಬಂದಾಗ ನಾನೇ ವಿಮಾನದ ಗುರುತು ಒತ್ತಿ ಅದರ ಬಾಯಿ ಕಟ್ಟಿದೆ, ಹಿರಿಯರು ಬಂದು ಹೇಳೋಕೆ ಮುಂಚೆ ಅದು ನಿಮಗೆ ಹೇಳಿಬಿಡಬಾರದು ಅಂತ."