ಹಸುಗೂಸಿನ ಕೊಲೆಸ್ಟ್ರಾಲ್

ಕೂಸಿನ ರಕ್ತದಲ್ಲಿ ವಿಪರೀತ ಕೊಬ್ಬಿದೆ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಅತ್ತೆ ಬಾಣಂತಿ ಸೊಸೆಯನ್ನು ದುರುಗುಟ್ಟಿ ನೋಡಿದಳು.

“ನಮ್ಮ ಯಜಮಾನ್ರಿಗೆ ಬೈಪಾಸ್ ಆದಾಗಿಂದ ಮನೇಲಿ ತುಪ್ಪದ ಡಬ್ಬಿಯೇ ಇಲ್ಲ. ಇವಳೇ ತವರಿಗೆ ಹೋಗಿ ಬಟ್ಟಲುಗಟ್ಟಲೆ ತಿಂದು ಬಂದಳು.”

“ತುಪ್ಪದಿಂದ ಇಷ್ಟು ಏರಲ್ಲಮ್ಮ. ಇದು ಹೆತ್ತವರಲ್ಲಿ ಒಬ್ಬರ ರಕ್ತದಿಂದಲೇ ನೇರವಾಗಿ ಬರೋದು. ತಾಯಿದು ಸರಿಯಾಗಿದೆ. ತಂದೆದು ನೋಡಬೇಕು.”

“ಅವರ ರಕ್ತ ತೆಗೆಸಬೇಡಿ ಅತ್ತೆ,” ಎಂದು ಸೊಸೆ ಕೈಮುಗಿದಳು. ಅತ್ತೆಗೆ ಅಷ್ಟೇ ಸಾಕಾಯಿತು. ಮಗನನ್ನು ತಾನೇ ಲ್ಯಾಬಿಗೆ ಎಳೆದೊಯ್ದಳು.

ಸಂಜೆ ರಿಪೋರ್ಟ್ ಬಂತು. ಮಗನದೂ ಸರಿಯಾಗಿತ್ತು.

“ಹಾದರಗಿತ್ತಿ! ಈ ಕೂಸು ನಮ್ಮ ಮನೆಯದೇ ಅಲ್ಲ!” ಎಂದು ಅತ್ತೆ ವಾರ್ಡೆಲ್ಲ ಕೇಳುವಂತೆ ಕೂಗಿದಳು. “ಡಾಕ್ಟ್ರೇ, ಅವನು ಯಾರು ಅಂತ ಗುರುತು ಹಿಡಿಯೋದು ಹೇಗೆ?”

ಡಾಕ್ಟರಮ್ಮ ತಡವರಿಸಿದಳು. “ಹೇಗಮ್ಮ ಹೇಳೋದು... ಇಂಥವರಿಗೆ ಹಾರ್ಟ್ ತೊಂದರೆ ಇರುತ್ತೆ. ಕೆಲವರಿಗೆ ಕಣ್ಣರೆಪ್ಪೆ ಮೇಲೆ ಹಳದಿ ಗಂಟು ಎದ್ದಿರುತ್ತೆ.”

ಕೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮಾವ ಹಳದಿ ಗಂಟಿನ ರೆಪ್ಪೆಗಳನ್ನು ಕೆಳಗಿಳಿಸಿದ.

ಅತ್ತೆ ಗಂಡನ ಮುಖವನ್ನೇ ನೋಡಿದಳು. ಆಮೇಲೆ, ಬಾಯಿ ತೆರೆಯಹೊರಟ ಸೊಸೆಯ ಬಾಯಿಗೆ ಕೈ ಒತ್ತಿ ಹಿಡಿದು, “ಕೂಸು ನಮ್ಮ ಮನೆಯದೇ ಬಿಡಿ ಡಾಕ್ಟ್ರೇ,” ಎಂದಳು.