ಬದಲಿ ಕೈದಿ ದ್ಯಾಮವ್ವ

ಜೈಲಿಗೆ ಹೋಗುವ ದಿನ ಯಮನೂರಪ್ಪ ಮಗಳು ನೀಲಾಳಿಗೆ "ಬಂದ ಮ್ಯಾಲ ಸಮುದ್ರ ತೋರಸ್ತೀನಿ" ಎಂದು ಮಾತು ಕೊಟ್ಟಿದ್ದ. ಈಗ ಪೆರೋಲಿನ ಮೇಲೆ ಹುಬ್ಬಳ್ಳಿಗೆ ಬಂದಿದ್ದಾನೆ. ಆದರೆ ಸರಕಾರ ಕಾಲಿಗೆ ತೊಡಿಸಿದ ಎಲೆಕ್ಟ್ರಾನಿಕ್ ಕಡಗ ಅವನನ್ನು ಓಣಿ ದಾಟಲು ಬಿಡುವುದಿಲ್ಲ. ಪುಣ್ಯಕ್ಕೆ ಹೊಸ ಕಾನೂನಿನಲ್ಲಿ ನೆರೆಯವರು ಒಂದು ದಿನ ಆ ಕಡಗ ತೊಟ್ಟು ಅವನ ಬದಲಿಗೆ ಕೂರಬಹುದು. ಅವರು ಓಣಿ ದಾಟಿದರೆ ಮಾತ್ರ ಅವನು ಮತ್ತೆ ಜೈಲಿಗೆ.

ಒಪ್ಪಿದವಳು ಪಕ್ಕದ ಮನೆಯ ದ್ಯಾಮವ್ವ, ಮನೆಯಲ್ಲಿ ಕಾಲೇ ನಿಲ್ಲದ ಹೆಂಗಸು. ನಸುಕಿನಲ್ಲಿ ಅಪ್ಪ ಮಗಳು ಕಾರವಾರದ ಬಸ್ಸು ಹತ್ತಿದರು.

ಮಧ್ಯಾಹ್ನ ಓಣಿಯ ಆಚೆ ಕೂಗು ಕೇಳಿಸಿತು. "ಹಳೇ ಸೀರಿ ಕೊಡ್ರಿ, ಸ್ಟೀಲ್ ಪಾತ್ರೆ ತಗೊಳ್ರೀ!"

ದ್ಯಾಮವ್ವ ಸೀರೆ ಬಗಲಿಗಿಟ್ಟು ಓಡಿಯೇಬಿಟ್ಟಳು. ಓಣಿಯ ಗಡಿ ಹತ್ತಿರವಾದಂತೆ ಕಡಗ ಚೀರತೊಡಗಿತು.

"ಏ ಯವ್ವಾ, ನಿಲ್ಲ! ನಮ್ಮ ಕೈದಿ ಓಡಾಕತ್ತೈತಿ!" ಎಂದು ಓಣಿಗೆ ಓಣಿಯೇ ಕೂಗಿತು.

ಓಣಿಯ ಕೊನೆಯ ಕಂಬ ಹಿಡಿದು ದ್ಯಾಮವ್ವ ನಿಂತಳು. "ತಮ್ಮಾ, ನಾ ಜೈಲಿನ್ಯಾಗ ಅದೀನಿ. ಪಾತ್ರೆ ಇಲ್ಲೇ ತಗೊಂಬಾ."

"ಏನ ಮಾಡೀರಿ ಅಕ್ಕಾರ?"

"ಇನ್ನೂ ಏನೂ ಮಾಡಿಲ್ಲ. ಸೀರಿಗೆ ಏನ ಕೊಡ್ತಿ ಹೇಳು, ಆಮ್ಯಾಲ ನೋಡೋಣು."

ದೀಪ ಹಚ್ಚುವ ಹೊತ್ತಿಗೆ ಬಂದ ನೀಲಾಳ ಚಪ್ಪಲಿಯ ತುಂಬ ಮರಳಿತ್ತು. ಯಮನೂರಪ್ಪ ಕಡಗಕ್ಕೆ ಕಾಲು ಚಾಚಿದ. ಅವನು ಮಗಳಿಗೆ ಸಮುದ್ರ ತೋರಿಸಿದ್ದ.